ನಾಲ್ಕನೇ ಮೂಲೆ

ಶನಿವಾರ ಸಂಜೆ ಮೊಮ್ಮಗಳನ್ನು ಕರಾಟೆ ಕ್ಲಾಸಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದು. ಮಾರೇನಹಳ್ಳಿಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಕ್ಲಾಸು. ನೆಲಕ್ಕೆ ನೀಲಿ ರಬ್ಬರ್ ಚಾಪೆ, ಗೋಡೆಗೆ ಕನ್ನಡಿ, ಬಾಗಿಲ ಬಳಿ ನೀರಿನ ಕ್ಯಾನು. ಒದೆತ ಗುದ್ದಾಟ ಶುರುವಾಗುವ ಮೊದಲು ಮಾಸ್ಟರು ಮಕ್ಕಳನ್ನು ಸಾಲಾಗಿ ಕೂರಿಸಿ ಎರಡು ನಿಮಿಷ ಕಣ್ಣು ಮುಚ್ಚಿಸುತ್ತಾರೆ. "ಈಗ ಇಲ್ಲಿದ್ದೀರ, ಇಲ್ಲೇ ಇರಿ. ಹೋಮ್‌ವರ್ಕು, ಟೀವಿ ಎಲ್ಲಾ ಹೊರಗಡೆ ಚಪ್ಪಲಿ ಜೊತೆ ಬಿಟ್ಟಾಯ್ತು" ಅನ್ನುತ್ತಾರೆ. ಬೆಂಚಿನ ಮೇಲೆ ಕೂತ ಅಜ್ಜ ಅಜ್ಜಿಯರೂ ಮುಚ್ಚಬೇಕಂತೆ. ಮುಚ್ಚುತ್ತೇನೆ. ಹತ್ತು ಎಣಿಸುವುದರೊಳಗೆ ನಾನು ಹಾಲಿನ ಬೂತಿಗೆ ಹೋಗಿ, ಅಲ್ಲಿಂದ ಗ್ಯಾಸ್ ಸಿಲಿಂಡರಿನ ಯೋಚನೆಗೆ ಹಾರಿ, ಮಗ ಫೋನು ಮಾಡಿ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕುತ್ತಾ ಕಾಲು ಕುಣಿಸುತ್ತಿರುತ್ತೇನೆ. ಮೊಮ್ಮಗಳು ಒಂದೇ ಕಣ್ಣು ತೆರೆದು ನನ್ನ ಕಾಲು ನೋಡಿ ನಗುತ್ತಾಳೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಮನುಷ್ಯ ಎಂದು ನನ್ನ ಹೆಂಡತಿ ಮದುವೆಯಾದ ಮೊದಲ ವರ್ಷವೇ ಹೇಳಿದ್ದಳು. ಅವಳು ಹೋದ ಮೇಲೆ ಆ ಚಕ್ರ ಇನ್ನೂ ಜೋರಾಗಿದೆ.

ಹೋದ ತಿಂಗಳ ಒಂದು ಶನಿವಾರ ಹೀಗೇ ಕಣ್ಣು ಮುಚ್ಚಿ ಕೂತಿದ್ದೆ. ಮಳೆ ಬಂದು ನಿಂತಿತ್ತು. ಕೆಳಗೆ ರಸ್ತೆಯಲ್ಲಿ ಪೈಪಿಗಾಗಿ ಮಣ್ಣು ಅಗೆಯುತ್ತಿದ್ದರು. ಕಟ್ಟಡದ ಕೆಳಗಿನ ಮಳಿಗೆಯಲ್ಲಿ ಈಚೆಗೆ ಗಾಣದ ಎಣ್ಣೆಯ ಅಂಗಡಿಯೊಂದು ಬಂದಿದೆ, ಅಲ್ಲಿ ಎಳ್ಳು ಅರೆಯುತ್ತಿದ್ದರು. ಒದ್ದೆ ಕೆಮ್ಮಣ್ಣಿನ ವಾಸನೆ, ಎಳ್ಳೆಣ್ಣೆಯ ವಾಸನೆ ಎರಡೂ ಸೇರಿ ಕಿಟಕಿಯಿಂದ ಒಳಗೆ ಬಂದವು. ನನ್ನ ಕಾಲು ತಾನಾಗಿ ನಿಂತಿತು. ಆ ವಾಸನೆ ನಮ್ಮ ಗರಡಿಯದು. ನನಗೆ ಹತ್ತೊಂಬತ್ತು ವರ್ಷವಾಗಿದ್ದ ಆ ಮಳೆಗಾಲದ್ದು.

ಆಗ ಮಾರೇನಹಳ್ಳಿ ಹಳ್ಳಿಯೇ ಆಗಿತ್ತು. ಈ ಜಾಗಕ್ಕೆ ವಿಜಯನಗರ ಎಂಬ ಹೆಸರು ಇನ್ನೂ ಬಂದಿರಲಿಲ್ಲ. ಸುತ್ತ ರಾಗಿ ಹೊಲ, ಬಾವಿ ಇದ್ದವರಿಗೆ ತರಕಾರಿ ತೋಟ. ಉತ್ತರಕ್ಕೆ ನಡೆದು ಮಾಗಡಿ ರಸ್ತೆ ದಾಟಿದರೆ ರಾಜಾಜಿನಗರಕ್ಕೆಂದು ಗುರುತಿನ ಕಲ್ಲು ನೆಟ್ಟ ಬಯಲು, ಅಲ್ಲೊಂದು ಇಲ್ಲೊಂದು ಸುಣ್ಣ ಕಾಣದ ಹೊಸ ಮನೆ, ಅವುಗಳಾಚೆ ಹೊಸ ಕಾರ್ಖಾನೆಗಳ ತಗಡಿನ ಸೂರು. ಗಾಳಿ ಈ ಕಡೆಗಿದ್ದರೆ ಅಲ್ಲಿನ ಸೈರನ್ನು ನಮ್ಮ ಹೊಲದವರೆಗೆ ಕೇಳುತ್ತಿತ್ತು. ಅಪ್ಪ ಅದನ್ನು ಕೇಳಿ ಎತ್ತು ಬಿಚ್ಚುತ್ತಿದ್ದರು. ನಾನು ಅದನ್ನು ಕೇಳಿ ಇನ್ನೆಷ್ಟು ದಿನ ಇಲ್ಲಿ ಎಂದುಕೊಳ್ಳುತ್ತಿದ್ದೆ.

ಎಸ್‌ಎಸ್‌ಎಲ್‌ಸಿ ಪಾಸಾಗಿತ್ತು. ಊರಿನಲ್ಲಿ ಪಾಸಾದವರು ನಾವು ಮೂರೇ ಜನ. ಒಂದು ಕಾರ್ಖಾನೆಗೆ ಕೆಲಸ ಕಲಿಯುವ ಹುಡುಗನಾಗಿ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿ, ಸಂದರ್ಶನಕ್ಕೂ ಹೋಗಿ ಬಂದಿದ್ದೆ. ಕಾಗದ ಬರುತ್ತೆ, ಹೋಗಿ ಅಂದಿದ್ದರು. ಅವತ್ತಿನಿಂದ ನಾನು ಮನುಷ್ಯನಾಗಿ ಉಳಿಯಲಿಲ್ಲ. ಪೋಸ್ಟ್‌ಮನ್ ದಿನಕ್ಕೊಂದು ಸಲ, ಒಂದು ದಿನ ನಾಲ್ಕಕ್ಕಾದರೆ ಇನ್ನೊಂದು ದಿನ ಐದೂವರೆಗೆ, ರಾಗಿ ಹೊಲದ ನಡುವಿನ ಗಾಡಿ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಊರು ಹತ್ತಿರವಾದಾಗ ಹತ್ತಿ ಬೆಲ್ ಹೊಡೆಯುತ್ತಿದ್ದ. ನಾನು ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ನನ್ನ ಕಿವಿ ಎರಡು ಗಂಟೆಯಿಂದಲೇ ಆ ದಾರಿಯಲ್ಲಿ ಕೂತಿರುತ್ತಿತ್ತು. ಊಟ ಮಾಡುವಾಗ ಎದ್ದು ಹೋಗಿದ್ದೇನೆ. ಬಾವಿಯಲ್ಲಿ ಕೊಡ ಬಿಟ್ಟು ಓಡಿದ್ದೇನೆ. ಅಮ್ಮ ಮಾತಾಡುತ್ತಿದ್ದರೆ ಹೂಂಗುಟ್ಟುತ್ತಿದ್ದೆ, ಏನು ಹೇಳಿದರು ಎಂದು ಕೇಳಿದರೆ ಬೆಪ್ಪನ ಹಾಗೆ ನಿಲ್ಲುತ್ತಿದ್ದೆ.

ಗರಡಿಯಲ್ಲಿ ಮಾತ್ರ ಇದು ನಡೆಯುತ್ತಿರಲಿಲ್ಲ. ಅಥವಾ ನಡೆಯಬಾರದಿತ್ತು.

ಊರ ಅಂಚಿನಲ್ಲಿ, ಬೇವಿನ ಮರದ ಕೆಳಗೆ, ಮಣ್ಣಿನ ಗೋಡೆಯ ಮೇಲೆ ನಾಡಹೆಂಚು ಹೊದಿಸಿದ ಒಂದು ಕೋಣೆ ನಮ್ಮ ಗರಡಿ. ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಒಳಗೆ ಗೋಡೆಯ ಗೂಡಿನಲ್ಲಿ ಆಂಜನೇಯ, ಅವನ ಪಕ್ಕ ಗದೆಗಳು, ನಡುವೆ ಮಟ್ಟಿ. ಕುಸ್ತಿ ಆಡುವ ಮಣ್ಣಿನ ಕಣಕ್ಕೆ ನಾವು ಮಟ್ಟಿ ಅನ್ನುತ್ತಿದ್ದೆವು. ಜರಡಿ ಹಿಡಿದ ಕೆಮ್ಮಣ್ಣಿಗೆ ಎಳ್ಳೆಣ್ಣೆ, ಅರಿಶಿನ, ಮಜ್ಜಿಗೆ, ಬೇವಿನ ಸೊಪ್ಪು ಬೆರೆಸಿ ಹದ ಮಾಡಿದ ಮಣ್ಣು ಅದು. ಬೆಳಿಗ್ಗೆ ಎಲ್ಲರೂ ತರಕಾರಿ ಹೊತ್ತು ಮಾರ್ಕೆಟ್ಟಿಗೆ ಹೋಗುವವರಾದ್ದರಿಂದ ನಮ್ಮ ಸಾಮು ಸಂಜೆ ಐದಕ್ಕೆ.

ಕಲಿಸುವವರು ಉಸ್ತಾದ್ ಕೆಂಪಯ್ಯನವರು. ಅರವತ್ತು ದಾಟಿದ ಒಣಕಲು ಆಳು. ಹೊಟ್ಟೆಪಾಡಿಗೆ ಮನೆಮನೆಗೆ ಹೋಗಿ ಸವೆದ ಬೀಸುವ ಕಲ್ಲು, ಒರಳುಗಳಿಗೆ ಉಳಿ ಸುತ್ತಿಗೆಯಲ್ಲಿ ಹೊಸದಾಗಿ ಕಚ್ಚು ಹಾಕಿ ಕೊಡುತ್ತಿದ್ದರು. ಅವರು ಕೆಲಸ ಮಾಡುವಾಗ ಯಾರಾದರೂ ಮಾತಾಡಿಸಿದರೆ ಸುತ್ತಿಗೆ ಕೆಳಗಿಟ್ಟು, ಮಾತು ಮುಗಿಸಿ, ಮತ್ತೆ ಸುತ್ತಿಗೆ ಎತ್ತಿಕೊಳ್ಳುತ್ತಿದ್ದರು. ಎರಡೂ ಒಟ್ಟಿಗೆ ಮಾಡಿದ್ದನ್ನು ನಾನು ನೋಡಿಲ್ಲ.

ಅವರು ಪಟ್ಟುಗಳನ್ನು ಹೇಳಿಕೊಟ್ಟಿದ್ದು ಕಡಿಮೆ. ಕೇಳಿದ್ದು ಜಾಸ್ತಿ. ಇಬ್ಬರು ಮಟ್ಟಿಯಲ್ಲಿ ತೆಕ್ಕೆ ಬಿದ್ದು ಹೆಣಗುತ್ತಿರುವಾಗ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಇದ್ದಕ್ಕಿದ್ದ ಹಾಗೆ, "ಎಲ್ಲಿದ್ದೀಯಾ?" ಅನ್ನುತ್ತಿದ್ದರು. ಮೈಭಾರ ಆ ಗಳಿಗೆಯಲ್ಲಿ ಯಾವ ಕಾಲಿನ ಮೇಲಿದೆಯೋ ಅದನ್ನು ಹೇಳಬೇಕು. ಎಡಗಾಲು, ಉಸ್ತಾದ್. ಬಲಗಾಲು, ಉಸ್ತಾದ್. ಯೋಚಿಸಿ ಹೇಳಿದರೆ ತಡವಾಗುತ್ತದೆ, ಅಷ್ಟರಲ್ಲಿ ಭಾರ ಇನ್ನೊಂದು ಕಾಲಿಗೆ ಹೋಗಿರುತ್ತದೆ. ತಿಳಿದಿದ್ದರೆ ಬಾಯಿ ತಾನೇ ಹೇಳುತ್ತದೆ. ನನ್ನದು ಯಾವಾಗಲೂ ತಡ. ಎಷ್ಟೋ ಸಲ ಅಂದಾಜಿನ ಮೇಲೆ ಹೇಳಿಬಿಡುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು.

"ಮೈ ಇಲ್ಲೈತೆ, ಕಿವಿ ರಸ್ತೇಲೈತೆ," ಅನ್ನುತ್ತಿದ್ದರು. "ಎರಡನ್ನೂ ಒಂದು ಕಡೆ ತಂದ್ಕೊಂಡು ಬಾ. ಆಮೇಲೆ ಹೇಳಿಕೊಡ್ತೀನಿ."

ನನ್ನ ಜೋಡಿ ನಂಜುಂಡ. ನನಗಿಂತ ಎರಡು ವರ್ಷ ದೊಡ್ಡವನು, ಓದು ಎರಡನೇ ಫಾರಂಗೇ ಬಿಟ್ಟವನು, ವಿಧವೆ ತಾಯಿಗೆ ಒಬ್ಬನೇ ಮಗ. ಉಸ್ತಾದರ ಪ್ರಶ್ನೆ ಮುಗಿಯುವ ಮೊದಲೇ ಅವನ ಉತ್ತರ ಬಂದಿರುತ್ತಿತ್ತು. ಅವನಿಗೆ ಪೊಲೀಸ್ ಆಗಬೇಕು. ಬೇರೆ ಏನೂ ಬೇಡ. ನಡೆಯುವಾಗಲೇ ಪೊಲೀಸನಂತೆ ಎದೆ ಮುಂದೆ ಮಾಡಿ ನಡೆಯುತ್ತಿದ್ದ. ಹಿಂದಿನ ವರ್ಷ ಎದೆಯ ಅಳತೆ ಸಾಲದೆ ವಾಪಸು ಕಳಿಸಿದ್ದರು. ವರ್ಷವಿಡೀ ದಂಡ, ಬಸ್ಕಿ ತೆಗೆದು ಅದನ್ನು ಸರಿಮಾಡಿಕೊಂಡಿದ್ದ. ವಯಸ್ಸಿನ ಲೆಕ್ಕದಲ್ಲಿ ಅವನಿಗೆ ಇದೇ ಕೊನೆಯ ಸಲ. ಶ್ರಾವಣದ ಮೊದಲ ವಾರ ಆಯ್ಕೆ ಇತ್ತು. ಅವನ ತಾಯಿ ಆಗಲೇ ಆಂಜನೇಯನಿಗೆ ವಡೆ ಹಾರ ಹರಕೆ ಹೊತ್ತಿದ್ದರು.

"ನೀನು ಕಾರ್ಖಾನೆ ಸೇರು, ನಾನು ಸ್ಟೇಷನ್ ಸೇರ್ತೀನಿ," ಅನ್ನುತ್ತಿದ್ದ. "ನೀನೇನಾದ್ರೂ ಅಲ್ಲಿ ಕದ್ರೆ ನಾನೇ ಬಂದು ಹಿಡ್ಕೊಂಡು ಹೋಗ್ತೀನಿ ಕಣೋ ಪುಟ್ಸಾಮಿ."

ಎರಡು ವರ್ಷ ಜೋಡಿಯಾಗಿದ್ದರೂ ನಾನು ಅವನನ್ನು ಒಂದು ಸಲವೂ ಕೆಡವಿರಲಿಲ್ಲ. ನನ್ನನ್ನು ಕೆಡವಿ, ಎಬ್ಬಿಸಿ, ಬೆನ್ನಿನ ಮಣ್ಣು ತಟ್ಟಿ, ಎಲ್ಲಿ ತಪ್ಪಿದೆ ಎಂದು ಅವನೇ ಹೇಳುತ್ತಿದ್ದ. ಅವನು ಹೇಳುತ್ತಿದ್ದಾಗಲೂ ನಾನು ಬೆಲ್ಲಿಗೆ ಕಿವಿ ಕೊಟ್ಟಿರುತ್ತಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗರಡಿಯಲ್ಲಿ ಒಂದು ನೇಮವಿತ್ತು. ಮಟ್ಟಿಯನ್ನು ದಿನವೂ ಅಗೆದು ಸಡಿಲ ಮಾಡಬೇಕು, ಇಲ್ಲದಿದ್ದರೆ ಎಣ್ಣೆ ಕುಡಿದ ಮಣ್ಣು ಕಲ್ಲಾಗುತ್ತದೆ. ವಾರಕ್ಕೊಬ್ಬರ ಸರದಿ. ಸರದಿಯವನು ಮೂರು ಗಂಟೆಗೇ ಬಂದು ಒಂದು ಗೇಣು ಆಳಕ್ಕೆ ಅಗೆದು, ಹೆಂಟೆ ಪುಡಿ ಮಾಡಿ, ಹಲಗೆ ಎಳೆದು ಮಟ್ಟ ಮಾಡಬೇಕು. ಆಮೇಲೆ ಅವನೇ ಮೊದಲು ಅದರ ಮೇಲೆ ಬೀಳಬೇಕು. ನಾಲ್ಕು ಮೂಲೆಗೂ ಒಂದೊಂದು ಸಲ, ನಡುವೆ ಒಂದು ಸಲ, ನಿಂತ ನಿಲುವಿನಿಂದ ಬೆನ್ನು ಅಡಿಯಾಗಿ ಐದು ಸಲ. "ನೀನು ಅಗೆದ ಮಣ್ಣಿನ ಮೇಲೆ ಇನ್ನೊಬ್ಬರ ಮಗ ಬೀಳ್ತಾನೆ. ಮೊದ್ಲು ನೀನು ಬೀಳು," ಅನ್ನುವುದು ಉಸ್ತಾದರ ಮಾತು. ಅವರು ಬಂದೊಡನೆ ಅಗೆದವನನ್ನು "ಬಿದ್ಯಾ?" ಎಂದು ಕೇಳುತ್ತಿದ್ದರು. "ಬಿದ್ದೆ ಉಸ್ತಾದ್" ಎಂದ ಮೇಲೆಯೇ ಊದುಬತ್ತಿ ಹಚ್ಚುತ್ತಿದ್ದರು. ಹೋಗಿ ಮುಟ್ಟಿ ನೋಡುತ್ತಿರಲಿಲ್ಲ. ಮಾತು ಸಾಕಾಗಿತ್ತು.

ಆಷಾಢದ ಕೊನೆಯ ವಾರ ಸರದಿ ನನ್ನದು. ಊರಿನಲ್ಲೊಂದು ಸಾವಾಗಿ ಮೂರು ದಿನ ಗರಡಿ ಮುಚ್ಚಿತ್ತು. ಬೇವಿನ ಮರದ ಕಡೆಯ ಮೂಲೆಯಲ್ಲಿ ಹೆಂಚು ಒಡೆದು ಮಳೆ ನೀರು ತೊಟ್ಟಿಕ್ಕಿ, ಅದು ಆರಿ, ಅಲ್ಲಿನ ಮಣ್ಣು ಗಾರೆ ನೆಲದ ಹಾಗೆ ಕಚ್ಚಿಕೊಂಡಿತ್ತು. ಕಷ್ಟದ್ದನ್ನು ಕೊನೆಗೆ ಇಟ್ಟುಕೊಳ್ಳುವುದು ನನ್ನ ಹುಟ್ಟುಗುಣ. ಮೂರು ಮೂಲೆ ಅಗೆದೆ, ನಡುವೆ ಅಗೆದೆ. ಅಗೆಯುತ್ತಿದ್ದಷ್ಟು ಹೊತ್ತೂ ತಲೆಯಲ್ಲಿ ಕಾಗದ. ಇವತ್ತು ಬರದಿದ್ದರೆ ಶುಕ್ರವಾರ ನಾನೇ ಕಾರ್ಖಾನೆಗೆ ಹೋಗಿ ಕೇಳಲೇ, ಕೇಳಿದರೆ ಕೋಪ ಮಾಡಿಕೊಂಡಾರೇ, ಸಂದರ್ಶನದಲ್ಲಿ ಕೂತಿದ್ದ ಕನ್ನಡಕದವರು ನನ್ನ ಉತ್ತರಕ್ಕೆ ಯಾಕೆ ನಕ್ಕರು. ನಾಲ್ಕನೇ ಮೂಲೆಗೆ ಬಂದು ಗುದ್ದಲಿ ಎತ್ತಿದೆ. ಬೆಲ್ ಕೇಳಿಸಿತು.

ಗುದ್ದಲಿ ಎಸೆದು ಓಡಿದೆ. ಲಂಗೋಟಿಯ ಮೇಲೆ ಟವೆಲು ಸುತ್ತಿಕೊಂಡು, ಮೈಯೆಲ್ಲ ಕೆಮ್ಮಣ್ಣು, ರಾಗಿ ಪೈರಿನ ಬದುವಿನ ಮೇಲೆ. ಪೋಸ್ಟ್‌ಮನ್ ನನ್ನನ್ನು ನೋಡಿ ಸೈಕಲ್ ನಿಲ್ಲಿಸಿ, ಕಂದು ಲಕೋಟೆ ತೆಗೆದುಕೊಟ್ಟ. ಅದರ ಮೇಲೆ ನನ್ನ ಹೆಸರು ಟೈಪಾಗಿತ್ತು. ಮುಂದಿನ ಸೋಮವಾರ ಬೆಳಿಗ್ಗೆ ಏಳೂವರೆಗೆ ಕೆಲಸಕ್ಕೆ ಹಾಜರಾಗತಕ್ಕದ್ದು. ನಾಲ್ಕು ಸಲ ಓದಿದೆ. ಮಳೆ ಹನಿ ಬಿದ್ದು ಶಾಯಿ ಹರಡೀತೆಂದು ಕಾಗದವನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ.

ಗರಡಿಗೆ ಬಂದಾಗ ಐದಕ್ಕೆ ಸ್ವಲ್ಪವೇ ಕಡಿಮೆ. ಹುಡುಗರು ಒಬ್ಬೊಬ್ಬರೇ ದೂರದಲ್ಲಿ ಬರುತ್ತಿದ್ದರು. ನಾಲ್ಕನೇ ಮೂಲೆ ಹಾಗೇ ಇತ್ತು. ಅಗೆದರೆ ಅರ್ಧ ಗಂಟೆಯ ಕೆಲಸ. ನಾನು ಪಕ್ಕದ ಸಡಿಲ ಮಣ್ಣನ್ನು ಸನಿಕೆಯಲ್ಲಿ ಎಳೆದು ಅದರ ಮೇಲೆ ಹರಡಿ, ಹಲಗೆ ಎಳೆದುಬಿಟ್ಟೆ. ನೋಡಿದರೆ ನಾಲ್ಕು ಮೂಲೆಯೂ ಒಂದೇ. ಮೂರು ಮೂಲೆಗೆ ಗಡಿಬಿಡಿಯಲ್ಲಿ ಬಿದ್ದೆ, ನಡುವೆಯೂ ಬಿದ್ದೆ. ಸಾಮು ಮುಗಿದ ಮೇಲೆ ಸರಿಯಾಗಿ ಅಗೆದರಾಯಿತು, ಅಷ್ಟಕ್ಕೂ ಆ ಮೂಲೆಗೆ ಹೋಗುವವರು ಯಾರು ಎಂದು ನನಗೆ ನಾನೇ ಹೇಳಿಕೊಂಡೆ. ಉಸ್ತಾದರು ತಲೆ ಬಗ್ಗಿಸಿ ಒಳಗೆ ಬಂದರು.

"ಬಿದ್ಯಾ?"

"ಬಿದ್ದೆ ಉಸ್ತಾದ್."

ಊದುಬತ್ತಿ ಹಚ್ಚಿದರು.

ನಾನು ಹೇಳಬೇಕೆಂದಿರುವುದು ಇದು: ಅವತ್ತು ನಾನು ಎಂದೂ ಆಡದ ಹಾಗೆ ಆಡಿದೆ. ಕಾಗದ ಬಂದಾಗಿತ್ತು, ಕಿವಿಗೆ ಬೇರೆ ಕೆಲಸ ಉಳಿದಿರಲಿಲ್ಲ. ಮೈಯಲ್ಲಿ ಯಾವುದೋ ಹುರುಪು. ನಂಜುಂಡನ ಕೈ ಎಲ್ಲಿಗೆ ಬರುತ್ತದೆಂದು ಬರುವ ಮೊದಲೇ ತಿಳಿಯುತ್ತಿತ್ತು. "ಎಲ್ಲಿದ್ದೀಯಾ?" ಅಂದರು ಉಸ್ತಾದರು. "ಎಡಗಾಲು" ಎಂದೆ, ತಕ್ಷಣ, ನಿಜವಾಗಿ. ಅವರ ಮುಖದಲ್ಲಿ ನಗು ಬಂದಿದ್ದು ಕಂಡೆ. ನಂಜುಂಡನೂ ಹಲ್ಲು ಕಿರಿದು, "ಅಂಗೆ ಬಾ ಮಗನೆ," ಎಂದ. ನಾವು ಸುತ್ತುತ್ತಾ ಸುತ್ತುತ್ತಾ ಬೇವಿನ ಮರದ ಕಡೆಗೆ ಹೋದೆವು. ಅವನು ಕುತ್ತಿಗೆಗೆ ಕೈ ಚಾಚಿದ. ನಾನು ಆ ತೋಳನ್ನು ಹಿಡಿದು, ತಿರುಗಿ, ಹೆಗಲ ಮೇಲಿಂದ ಎಳೆದು ಒಗೆದೆ. ಕಲ್ಲಿನ ಮೇಲೆ ಬಟ್ಟೆ ಒಗೆಯುವಂಥ ಎಸೆತ ಅದು, ಧೋಬಿ ಪಟ್ಟು ಅನ್ನುತ್ತಿದ್ದೆವು. ಎರಡು ವರ್ಷ ಅವನೇ ನನಗೆ ತಿದ್ದಿ ತಿದ್ದಿ ಕಲಿಸಿದ್ದು.

ಅವನ ಕಾಲು ನೆಲ ಬಿಟ್ಟಾಗ ನನಗೆ ಮೂಲೆ ನೆನಪಾಯಿತು.

ಅವನು ಇನ್ನೂ ಗಾಳಿಯಲ್ಲಿದ್ದ. ಎಲ್ಲವೂ ಕಂಡಿತು. ಹೆಂಚಿನ ಸಂದಿಯಿಂದ ಬೀಳುತ್ತಿದ್ದ ಬೆಳಕು, ಅವನ ಹೊಟ್ಟೆಗೆ ಮೆತ್ತಿದ ಮಣ್ಣು, ನನ್ನ ಕೈಯಲ್ಲಿ ಇನ್ನೂ ಇದ್ದ ಅವನ ಮಣಿಕಟ್ಟು. ಆ ವರ್ಷವಿಡೀ ನಾನು ಪೂರ್ತಿಯಾಗಿ ಒಂದು ಜಾಗದಲ್ಲಿದ್ದ ಗಳಿಗೆ ಅದೊಂದೇ. ಏನೂ ಮಾಡಲಾಗದ ಗಳಿಗೆಯೂ ಅದೇ. ಆಮೇಲೆ ಸದ್ದು ಕೇಳಿಸಿತು, ಒಣ ಸೌದೆ ಮುರಿದಂಥದ್ದು.

ಹುಡುಗರು ಅವನನ್ನು ಕಿತ್ತ ಬಾಗಿಲ ಹಲಗೆಯ ಮೇಲೆ ಮಲಗಿಸಿ, ಮೂಳೆ ಕಟ್ಟುವವರ ಮನೆಗೆ ಎತ್ತಿಕೊಂಡು ಹೋದರು. ನಾನೂ ಒಂದು ತುದಿ ಹಿಡಿಯಲು ಹೋದೆ. ಉಸ್ತಾದರು "ನೀನು ನಿಲ್ಲು" ಎಂದರು. ಗರಡಿ ಖಾಲಿಯಾಯಿತು. ಅವರು ನಾಲ್ಕನೇ ಮೂಲೆಗೆ ಹೋಗಿ ಕುಕ್ಕರಿಸಿ, ತೋರುಬೆರಳನ್ನು ಮಣ್ಣಿಗೆ ಒತ್ತಿದರು. ಒಂದು ಗೆಣ್ಣು ಇಳಿಯಿತು, ನಿಂತಿತು. ಇನ್ನೊಂದು ಕಡೆ ಒತ್ತಿದರು. ಅಲ್ಲೂ ಅಷ್ಟೇ. ಬೆರಳನ್ನು ಪಂಚೆಗೆ ಒರೆಸಿಕೊಂಡು ನನ್ನನ್ನು ನೋಡಿದರು.

"ಎಲ್ಲಿದ್ದೆ?"

ಅವರು ಕೇಳಿದ್ದು ಕಾಲಿನ ಮಾತಲ್ಲ ಎಂದು ತಿಳಿಯಿತು. ಗೂಟಕ್ಕೆ ಹಾಕಿದ್ದ ನನ್ನ ಟವೆಲಿನ ಮಡಿಕೆಯಲ್ಲಿ ಲಕೋಟೆ ಇತ್ತು. ತೆಗೆದು ತೋರಿಸಿ, ಅತ್ತು, ಕಾಲು ಹಿಡಿಯಬಹುದಿತ್ತು.

"ಇಲ್ಲೇ ಇದ್ದೆ ಉಸ್ತಾದ್," ಎಂದೆ.

ಅವರು ತಲೆಯಾಡಿಸಿದರು. ಬೈಯಲಿಲ್ಲ. ಮಾರನೆಯ ದಿನ ಮೂರು ಗಂಟೆಗೆ ನಾನು ಓಡಿಕೊಂಡು ಗರಡಿಗೆ ಹೋದಾಗ ಮಟ್ಟಿ ಆಗಲೇ ಅಗೆದು ಹದವಾಗಿತ್ತು. ನಾಲ್ಕನೇ ಮೂಲೆಯ ಹೆಂಟೆಗಳೂ ಹಿಟ್ಟಿನಂತೆ ಪುಡಿಯಾಗಿದ್ದವು. ಉಸ್ತಾದರು ಹೊರಗೆ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಅವರ ಬೆನ್ನಿಗೂ ಬಿಳಿ ತಲೆಗೂ ಕೆಮ್ಮಣ್ಣು ಮೆತ್ತಿತ್ತು. ಅರವತ್ತು ದಾಟಿದ ಮನುಷ್ಯ ಐದು ಸಲ ಬಿದ್ದು ಎದ್ದಿದ್ದರು.

"ನಾಳೆಯಿಂದ ನೀನು ಅಗೀಬೇಡ," ಎಂದರು. ಅಷ್ಟೇ. ಯಾರಿಗೂ ಏನೂ ಹೇಳಲಿಲ್ಲ. ಹೊಡೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಂಜುಂಡನ ಹೆಗಲಿಗೆ ಬಿದಿರು ದಬ್ಬೆ ಇಟ್ಟು, ಮೊಟ್ಟೆಯ ಲೋಳೆ ಸವರಿ ಬಟ್ಟೆ ಸುತ್ತಿದ್ದರು. ನಾನು ದಿನವೂ ಹೋದೆ. ಹೋಗುವಾಗಲೆಲ್ಲ ಇವತ್ತು ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಿದ್ದೆ. ಒಳಗೆ ಕಾಲಿಟ್ಟರೆ ಅವನು ಮಲಗಿದ್ದಲ್ಲಿಂದಲೇ ಬಂದವರಿಗೆಲ್ಲ, "ಇವನೇ ನೋಡಿ ನನ್ನ ಎತ್ತಿ ಒಗೆದೋನು. ನಾನೇ ಕಲಿಸಿದ್ದು. ಏನು ಎಸೆದ ಅಂತೀರಾ," ಎಂದು ಹೇಳುತ್ತಿದ್ದ. ನೋವಿನಲ್ಲೂ ಅವನ ಕಣ್ಣು ಅರಳುತ್ತಿತ್ತು. ಅವನ ತಾಯಿ ನನಗೆ ಮಜ್ಜಿಗೆ ಕೊಡುತ್ತಿದ್ದರು. ನಿನ್ನದೇನು ತಪ್ಪಪ್ಪ, ಆಟದಲ್ಲಿ ಆಗೋದೇ, ಅನ್ನುತ್ತಿದ್ದರು. ನಾನು ಮಜ್ಜಿಗೆ ಗಟಗಟ ಕುಡಿದು, ಕೂರಲಾಗದೆ ಎದ್ದು ಬರುತ್ತಿದ್ದೆ.

ಭಾನುವಾರ ಸಂಜೆ ಉಸ್ತಾದರ ಕಾಲಿಗೆ ಬೀಳಲು ಹೋದೆ. ಒಂದು ಒರಳಿಗೆ ಕಚ್ಚು ಹಾಕುತ್ತಿದ್ದರು. ಸುತ್ತಿಗೆ ಕೆಳಗಿಟ್ಟು, ತಲೆ ಮುಟ್ಟಿ ಹರಸಿ, ಮತ್ತೆ ಸುತ್ತಿಗೆ ತೆಗೆದುಕೊಂಡರು. ಎಲ್ಲಿದ್ದೀಯಾ ಎಂದು ಕೇಳುತ್ತಾರೆಂದು ನಾನು ನಿಂತೇ ಇದ್ದೆ. ಕೇಳಲಿಲ್ಲ. ಸೋಮವಾರ ಬೆಳಿಗ್ಗೆ ಏಳೂವರೆಗೆ ಕಾರ್ಖಾನೆಯ ಗೇಟಿನೊಳಗೆ ಹೋದೆ. ಶ್ರಾವಣದ ಮೊದಲ ವಾರ ಪೊಲೀಸ್ ಆಯ್ಕೆ ನಡೆಯಿತು. ನಂಜುಂಡ ಮನೆಯಲ್ಲಿ ಮಲಗಿದ್ದ.

ಅವನ ಮೂಳೆ ಕೂಡಿತು. ಆದರೆ ಬಲಗೈ ಭುಜದಿಂದ ಮೇಲಕ್ಕೆ ಏಳಲಿಲ್ಲ. ಸೆಲ್ಯೂಟ್ ಹೊಡೆಯಲಾಗದ ಕೈ ಎಂದು ಅವನೇ ತಮಾಷೆ ಮಾಡುತ್ತಿದ್ದ. ಆ ವರ್ಷದ ಸುಗ್ಗಿ ಮುಗಿದ ಮೇಲೆ ಒಂದು ಟೆಂಟ್ ಸಿನಿಮಾದಲ್ಲಿ ಗೇಟಿನ ಕೆಲಸಕ್ಕೆ ಸೇರಿದ. ಎಡಗೈ ಒಂದರಲ್ಲೇ ನೂಕುನುಗ್ಗಲು ತಡೆಯುತ್ತಾನೆಂದು ಹೆಸರಾಗಿದ್ದ. ಆಮೇಲೆ ಮದುವೆಯಾಗಿ ಹೆಂಡತಿಯ ಊರು ಕೆಂಗೇರಿಗೆ ಹೋದ. ಉಸ್ತಾದರು ತೀರಿಕೊಂಡರು, ಗರಡಿಯ ಸೂರು ಕುಸಿಯಿತು. ನಾನು ಕಾರ್ಖಾನೆಯಲ್ಲೇ ನಿವೃತ್ತನಾದೆ. ಮದುವೆ ಮುಂಜಿಯಲ್ಲಿ ನಂಜುಂಡ ಸಿಗುತ್ತಿದ್ದ, ಎದುರಿಗೆ ಬಂದರೆ ಎರಡು ಮಾತಾಡಿ ಊಟದ ಸಾಲಿಗೆ ನುಗ್ಗಿಬಿಡುತ್ತಿದ್ದೆ. ಹೀಗೆ ಐವತ್ತು ವರ್ಷಕ್ಕೂ ಹೆಚ್ಚು ಕಳೆದೆ.

ಕರಾಟೆ ಕ್ಲಾಸಿನ ಆ ಶನಿವಾರ ಮಾಸ್ಟರು ಕಣ್ಣು ತೆರೆಯಿರಿ ಎಂದ ಮೇಲೂ ನಾನು ತೆರೆದಿರಲಿಲ್ಲವಂತೆ. ಮೊಮ್ಮಗಳು ಬಂದು ಕೈ ಅಲ್ಲಾಡಿಸಿದಳು. "ತಾತ, ಮುಗೀತು. ಎಲ್ಲಿಗೆ ಹೋಗಿದ್ರಿ?" ಎಂದಳು. ಭಾನುವಾರ ಬೆಳಿಗ್ಗೆ ನಾನು ಕೆಂಗೇರಿ ಬಸ್ಸು ಹತ್ತಿದೆ.

ನಂಜುಂಡ ಮನೆಯ ಮುಂದಿನ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ. ಎದೆ ಇಳಿದಿತ್ತು, ಆದರೆ ಕೂತ ಭಂಗಿ ಅದೇ. ನನ್ನನ್ನು ಕಂಡು ಒಳಗೆ ಕೂಗಿದ. "ಅಮ್ಮಯ್ಯ, ಕಾಫಿ ತಗೊಂಡು ಬಾ. ನನ್ನ ಎತ್ತಿ ಒಗೆದೋನು ಬಂದವ್ನೆ." ಸೊಸೆ ಕಾಫಿ ತಂದಿಟ್ಟು, "ನಿಮ್ಮ ಕತೆ ದಿನಾ ಕೇಳ್ತೀವಿ ಅಂಕಲ್," ಎಂದು ನಕ್ಕು ಒಳಗೆ ಹೋದಳು. ನಾನು ಲೋಟ ಮುಟ್ಟಲಿಲ್ಲ. ಕೂರಲೂ ಇಲ್ಲ. ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು ನಿಂತುಕೊಂಡೇ ಎಲ್ಲ ಹೇಳಿದೆ. ಅಗೆಯದ ಮೂಲೆ, ಮೇಲೆ ಹರಡಿದ ಮಣ್ಣು, ಬೀಳದೆ ಬಿದ್ದೆನೆಂದ ಸುಳ್ಳು. ನಡುವೆ ಉಸಿರು ತೆಗೆದುಕೊಂಡೆನೋ ಇಲ್ಲವೋ.

ಅವನ ಬೆರಳು ಅವರೆಕಾಯಿಯಲ್ಲಿ ನಿಂತಿತು.

"ಅಂದ್ರೆ ನನ್ನ ಹೆಗಲು ಮುರಿದಿದ್ದು ಮಣ್ಣು," ಎಂದ.

"ಹೂಂ."

"ಮಣ್ಣು ಸರಿ ಇದ್ದಿದ್ರೆ ನಾನು ಎದ್ದು ನಿಲ್ತಿದ್ದೆ."

"ನಿಲ್ತಿದ್ದೆ ನಂಜುಂಡ."

"ಸೆಲೆಕ್ಷನ್‌ಗೆ ಹೋಗ್ತಿದ್ದೆ."

"ಹೋಗ್ತಿದ್ದೆ."

"ಇಷ್ಟು ವರ್ಷ ಊರಿಗೆಲ್ಲ ಹೇಳ್ಕೊಂಡು ಬಂದಿದೀನಲ್ಲೋ. ನನ್ನ ಜೋಡಿ ಅಂಥಾ ಎಸೆತ ಎಸೆದ, ಅದಕ್ಕೇ ಕೈ ಹೋಯ್ತು ಅಂತ. ಅದನ್ನೂ ಕಿತ್ಕೊಂಡು ಹೋಗಕ್ಕೆ ಬಂದ್ಯಾ?"

ಅವನ ದನಿ ಏರಲಿಲ್ಲ. ಏರಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ರಸ್ತೆಯಲ್ಲಿ ಯಾವುದೋ ಲಾರಿ ಹೋಯಿತು. ನಾನು ಹೇಳಬೇಕಾದ್ದು ಹೇಳಿಯಾಗಿತ್ತು. ಇನ್ನು ಅಲ್ಲಿ ನಿಲ್ಲುವುದು ನನ್ನಿಂದ ಸಾಧ್ಯವಿರಲಿಲ್ಲ, ಮೈಯೆಲ್ಲ ಬಸ್ಸಿನ ಕಡೆಗೆ ಎಳೆಯುತ್ತಿತ್ತು. "ಬರ್ತೀನಿ ನಂಜುಂಡ. ಬಸ್ಸಿನ ಹೊತ್ತಾಯ್ತು," ಎಂದು ಚಪ್ಪಲಿಗೆ ಕಾಲು ಹಾಕಿದೆ.

ಅವನು ನನ್ನ ಮುಖ ನೋಡಲಿಲ್ಲ. ಕಾಲು ನೋಡಿದ.

"ಎಲ್ಲಿದ್ದೀಯಾ?"

ಕೆಂಪಯ್ಯನವರ ಪ್ರಶ್ನೆ, ಅವರದೇ ವೇಗದಲ್ಲಿ. ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು.

"ಬಲಗಾಲು."

"ಎಡಗಾಲು?"

ನೋಡಿಕೊಂಡೆ. "ಚಪ್ಪಲಿಯಲ್ಲಿ."

"ಅವತ್ತೂ ಹಿಂಗೇ ಓಡ್ದೆ," ಎಂದ ನಂಜುಂಡ. ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿದ. "ತೆಗಿ ಅದನ್ನ. ಕೂತ್ಕೊ. ಬೆಲ್ ಹೊಡೆದಾಗಿಂದ ಇನ್ನೊಂದ್ಸಲ ಹೇಳು. ನಿಧಾನಕ್ಕೆ."

ಚಪ್ಪಲಿ ಕಳಚಿ ಅವನ ಪಕ್ಕ ಕೂತೆ. ಗುದ್ದಲಿ ಎತ್ತಿದಲ್ಲಿಂದ ಶುರು ಮಾಡಿದೆ. ನನ್ನ ಬಸ್ಸು ರಸ್ತೆಗೆ ಬಂದು ನಿಂತು ಹೋದ ಸದ್ದು ಕೇಳಿಸಿತು. ತಲೆಯೆತ್ತಿ ನೋಡಲಿಲ್ಲ.